ಖಂಡೇಪೂಜೆಗೆ ಇಟ್ಟ ಗದೆ

ದಸರೆಯ ಹಿಂದಿನ ದಿನ, ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ಬೆಳಿಗ್ಗೆ, ಮುಂಬೈ ಪರೇಲಿನ ಆ ಚಾಳಿನಲ್ಲಿ ಚೆಂಡುಹೂವಿನ ವಾಸನೆ ತುಂಬಿತ್ತು. ಊಟದ ಹೊತ್ತಿಗೆ ಮೇಲಿನ ಮಾಳಿಗೆಯ ಮೂಲೆ ಖೋಲಿಯ ರಕ್ತ ತೊಳೆಯಲು ನೆರೆಹೊರೆಯವರ ಬಕೆಟ್ಟುಗಳು ಬಂದವು. ಎಲ್ಲ ಆ ಖೋಲಿಯ ದೇವಕ್ಕನದೇ ತಪ್ಪು ಎಂದು ಚಾಳಿನವರು ಈಗಲೂ ಪಿಸುಗುಡುತ್ತಾರೆ. ಪಿಸುಗುಡಲಿ ಬಿಡಿ, ಬಾಯಿಗೇನು ಬೀಗ ಹಾಕಲಿಕ್ಕೆ ಬರುತ್ತದೆಯೇ! ಅವರು ಬಾಗಿಲಿಗೆ ಬಂದದ್ದೇ ಎಲ್ಲ ಮುಗಿಯುವ ಹೊತ್ತಿಗೆ.

ದೇವಕ್ಕನ ಗಂಡ ಗುರಲಿಂಗಪ್ಪ ವಿಜಯಪುರದ ಕಡೆಯವ, ಫೋರ್ಟಿನ ಬ್ಯಾಂಕೊಂದರಲ್ಲಿ ಕ್ಲಾರ್ಕ್ ಆಗಿ ನಿವೃತ್ತನಾದವ. ಬೇರೆ ಗಂಡಸರಿಗೆ ಕುಡಿಯುವ ಚಟ, ಇಸ್ಪೀಟಿನ ಚಟ. ಈ ಮಹಾಶಯನಿಗೆ ಹಳೆಯ ಆಟದ ಸಾಮಾನಿನ ಚಟ. ಚೋರ್ ಬಜಾರಿನಲ್ಲಿ ಸಿಕ್ಕರೂ ಸರಿ, ಮುಚ್ಚಿದ ಜಿಮಖಾನಾದ ಮೂಲೆಯಲ್ಲಿ ಸಿಕ್ಕರೂ ಸರಿ, ಎದೆಗವಚಿಕೊಂಡು ಲೋಕಲ್‌ನಲ್ಲಿ ತರುತ್ತಿದ್ದ. ರೈಲ್ವೆ ತಂಡದ ಆಟಗಾರನೊಬ್ಬನ ಹಾಕಿ ಸ್ಟಿಕ್ಕು, ದಾರದಿಂದ ಬಿಗಿಯುವ ಕಾಲದ ಚರ್ಮದ ಫುಟ್‌ಬಾಲು, ಬಣ್ಣ ಹೋದ ಬಾಕ್ಸಿಂಗ್ ಗ್ಲೌಸು, ಗಿರಣಿ ಕಾರ್ಮಿಕರ ಕಬಡ್ಡಿ ತಂಡದ ಬನಿಯನ್ನು, ಯಾವನೋ ಓಟಗಾರನ ಮೊಳೆಯ ಬೂಟು. ಮಲಗುವ ಮಂಚದಲ್ಲಿ ಅರ್ಧ ಜಾಗ ಅವುಗಳದ್ದು. ದೇವಕ್ಕ ಬೈದಳು, ಅತ್ತಳು, ಕೊನೆಗೆ ಅವುಗಳ ಧೂಳನ್ನೂ ತಾನೇ ಒರೆಸತೊಡಗಿದಳು. ಅಷ್ಟಿದ್ದರೂ ಅವನಿಗೊಂದು ಕೊರಗು. ಹಳೆಯ ಟೆಸ್ಟ್ ತಂಡದವರೆಲ್ಲ ಸಹಿ ಹಾಕಿದ ಒಂದು ಕ್ರಿಕೆಟ್ ಬ್ಯಾಟು ತನ್ನ ಬಳಿ ಇಲ್ಲವಲ್ಲ ಎಂದು ಊಟದ ತಾಟಿನ ಮುಂದೆ ಕೂತು ನಿಟ್ಟುಸಿರು ಬಿಡುತ್ತಿದ್ದ.

ಆ ಗುಡ್ಡೆಯಲ್ಲಿ ಅವನು ತರದೇ ಇದ್ದ ವಸ್ತು ಒಂದೇ, ಬೆಳ್ಳಿ ತಗಡು ಹೊದಿಸಿದ ಗದೆ. ಅದು ದೇವಕ್ಕನ ಅಪ್ಪ ಸಂಗಪ್ಪ ಪೈಲ್ವಾನ ಗೆದ್ದದ್ದು. ಆ ಕುಸ್ತಿಯಲ್ಲಿ ಎದುರಾಳಿ ಅವನ ಕಿವಿ ಹರಿದಿದ್ದ, ಪಕ್ಕೆಲುಬು ಮುರಿದಿದ್ದ. ಬಾಯಿಂದ ರಕ್ತ ಉಗುಳುತ್ತಲೇ ಸಂಗಪ್ಪ ಅವನನ್ನು ಸೊಂಟದ ಮೇಲೆತ್ತಿ ಚಿತ್ ಒಗೆದ. ಗದೆಯನ್ನು ಹೆಗಲ ಮೇಲೆ ಹೊತ್ತು ನಡೆದೇ ಮನೆಗೆ ಬಂದ. ಮುರಿದ ಎಲುಬು ಒಳಗೆ ಪುಪ್ಪುಸಕ್ಕೆ ಚುಚ್ಚಿಕೊಂಡಿತ್ತು, ಮುಂದಿನ ಅಮಾವಾಸ್ಯೆಯನ್ನು ಅವನು ಕಾಣಲಿಲ್ಲ. ಸಾಯುವ ಮುಂಚೆ ಗದೆಯನ್ನು ಮಗಳ ತೊಡೆಯ ಮೇಲಿಟ್ಟು, "ಜೀವಾ ಕೊಟ್ಟು ತಂದೀನವ್ವಾ, ಯಾರ ಕೈಗೂ ಕೊಡಬ್ಯಾಡ," ಎಂದಿದ್ದ. ಅವಳಿಗೆ ಅಣ್ಣತಮ್ಮಂದಿರಿಲ್ಲ. ಅಪ್ಪನ ಮೈಗೆ ಎಣ್ಣೆ ತಿಕ್ಕಿ, ಗರಡಿಯ ಮಣ್ಣು ತುಳಿದು ಬೆಳೆದ ಹುಡುಗಿ ಆ ಗದೆಯನ್ನು ಹಾಸಿಗೆಯ ಸುರುಳಿಯಲ್ಲಿ ಸುತ್ತಿಕೊಂಡೇ ಮುಂಬೈಯ ಗಂಡನ ಮನೆಗೆ ಬಾಳಲು ಬಂದಿದ್ದಳು.

ವರ್ಷಕ್ಕೊಮ್ಮೆ ಖಂಡೇಪೂಜೆಗೆ ಎಲ್ಲ ಸಾಮಾನೂ ಮಂಚದಿಂದ ಕೆಳಗಿಳಿಯುತ್ತಿತ್ತು. ಗೋಡೆಗುಂಟ ಸಾಲಾಗಿ ಇಟ್ಟು, ವಿಭೂತಿ ಕುಂಕುಮ ಹಚ್ಚಿ, ನಡುವೆ ಗದೆ ನಿಲ್ಲಿಸಿ ಆರತಿ ಬೆಳಗುತ್ತಿದ್ದರು. ಒಮ್ಮೆ ಪೂಜೆಗೆ ಇಟ್ಟರೆಂದರೆ ಮುಗಿಯಿತು, ಮರುದಿನ ಸಂಜೆ ಬನ್ನಿ ಎಲೆ ಕೊಟ್ಟು ತೆಗೆದುಕೊಳ್ಳುವವರೆಗೆ ಅದನ್ನು ಯಾರೂ ಎತ್ತುವಂತಿಲ್ಲ. ಅವರ ಕಡೆಯ ಪದ್ಧತಿ ಅದು. ಬನ್ನಿ ಆದ ಮೇಲೇ ಪೂಜೆ ಮುಗಿದ ಲೆಕ್ಕ.

ದೇವಕ್ಕ ಆರತಿ ತಟ್ಟೆ ಕೆಳಗಿಡುವಷ್ಟರಲ್ಲಿ ಬಾಗಿಲಲ್ಲಿ ಮನೀಶ್ ನಿಂತಿದ್ದ. ಫೋರ್ಟಿನಲ್ಲಿ ಹಳೆಯ ವಸ್ತುಗಳ ಅಂಗಡಿಯವ, ಗುರಲಿಂಗಪ್ಪನ ಗುರುತಿನವ. ಅವನ ಹಿಂದೆ ಇಬ್ಬರು. ಒಬ್ಬ ಬಾಗಿಲು ತುಂಬುವಂಥ ದಾಂಡಿಗ, ಇನ್ನೊಬ್ಬ ತೆಳ್ಳಗಿನ ಬೆಕ್ಕುಗಣ್ಣಿನವ.

"ಪೂಜಾ ಹೋ ಗಯಾ ನಾ, ಅಂಕಲ್? ಗದಾ ದೇ ದೋ," ಎಂದ ಮನೀಶ್.

ಗುರಲಿಂಗಪ್ಪನ ಮುಖ ಬಿಳಿಚಿತು. "ಅಭೀ ನಹೀ. ಪೂಜಾ ಕಲ್ ಶಾಮ್ ಕೋ ಖತಮ್," ಎಂದು ತೊದಲಿದ.

"ಆರತಿ ಹೋ ಗಯಾ, ಪೂಜಾ ಖತಮ್! ಜಬಾನ್ ದಿಯಾ ಥಾ ತುಮ್‌ನೇ!" ಮನೀಶನ ದನಿ ಏರಿತು. ಅವನ ಮನೆಯಲ್ಲಿ ಪೂಜೆ ಎಂದರೆ ಗಂಟೆ ಬಾರಿಸಿ ಪ್ರಸಾದ ತಿಂದರೆ ಮುಗಿಯುವ ಕೆಲಸ, ಪಾಪ.

ದೇವಕ್ಕ ಗಂಡನತ್ತ ತಿರುಗಿದಳು. "ಏನ್ರೀ ಇಂವಾ ಅನ್ನೂದು? ನಮ್ಮಪ್ಪನ ಗದಾ ಕೊಡ್ತೀನಿ ಅಂತ ಮಾತು ಕೊಟ್ಟೀರೇನು?"

"ಇಲ್ಲ ಇಲ್ಲ! ಸುಳ್ಳ ಹೇಳಾಕತ್ತಾನ!" ಗುರಲಿಂಗಪ್ಪ ಅಂಗಿಯೊಳಗಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡ. "ಲಿಂಗದ ಮ್ಯಾಲ ಆಣಿ, ನಾ ಯಾವ ಮಾತೂ ಕೊಟ್ಟಿಲ್ಲ!"

ಲಿಂಗ ಮುಟ್ಟಿ ಆಣೆ ಮಾಡಿದ ಮೇಲೆ ಇನ್ನೇನು ಕೇಳುವುದಿದೆ? ದೇವಕ್ಕ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. "ಕೇಳ್ದಿಲ್ಲೋ? ಚಲ್, ನಿಕಲ್ ಇಧರ್ ಸೇ!" ಎಂದು ಬಾಗಿಲು ತೋರಿಸಿದಳು.

ಮನೀಶ್ ಕಣ್ಸನ್ನೆ ಮಾಡಿದ. ದಾಂಡಿಗ ಬೂಟುಗಾಲಲ್ಲೇ ಒಳಗೆ ಬಂದ, ರಂಗೋಲಿ ತುಳಿದ, ಹಣ್ಣುಕಾಯಿಯ ತಟ್ಟೆಯನ್ನು ಒದ್ದು ಗದೆಗೆ ಕೈ ಹಾಕಿದ. ದೇವಕ್ಕ ಇನ್ನೊಂದು ತುದಿ ಹಿಡಿದಳು. ಅವನು ಎಡಗೈಯಿಂದ ಅವಳ ಕೆನ್ನೆಗೆ ಬಾರಿಸಿದ. ತುಟಿ ಸೀಳಿತು, ಬಾಯಲ್ಲಿ ಉಪ್ಪುಪ್ಪು ರಕ್ತ. ಅವಳು ಕೈ ಬಿಡಲಿಲ್ಲ. ಅವನು ಹೊಟ್ಟೆಗೆ ಒದ್ದ. ಆಗ ಕೈ ಬಿಟ್ಟಿತು, ಉಸಿರೂ ಕಟ್ಟಿತು, ಪೂಜೆಯ ಸಾಲಿನ ಮೇಲೆ ಅಡ್ಡ ಬಿದ್ದಳು. ದೀಪ ಉರುಳಿ ಎಣ್ಣೆ ಅವಳ ತೋಳಿನ ಮೇಲೆ ಚೆಲ್ಲಿ ಚುರ್ ಎಂದಿತು.

ಬಿದ್ದಲ್ಲೇ ಅವಳ ಕೈಗೆ ಹಾಕಿ ಸ್ಟಿಕ್ಕು ಸಿಕ್ಕಿತು. ಇಟ್ಟ ಆಯುಧ ಎತ್ತಬಾರದು ಎಂಬುದು ಒಂದು ಕ್ಷಣ ನೆನಪಾಯಿತು. ಎತ್ತಿದಳು. ಕೂತಲ್ಲಿಂದಲೇ ಬೀಸಿ ದಾಂಡಿಗನ ಮೊಣಕಾಲಿನ ಕೆಳಗೆ ಹೊಡೆದಳು. ಎಲುಬು ಲಟ್ ಎಂದದ್ದು ಹೊರಗಿನ ಗ್ಯಾಲರಿಗೂ ಕೇಳಿಸಿತಂತೆ.

"ದೇವೀ! ಆ ಸ್ಟಿಕ್ ಬ್ಯಾಡ! ಅದು ಭಾಳ ಹಳೇದೈತಿ!" ಗುರಲಿಂಗಪ್ಪ ಚೀರಿದ.

ಅವಳಿಗೆ ಕೇಳಿಸಿತು, ಆದರೆ ತಲೆಗೆ ಹೋಗಲಿಲ್ಲ. ಎರಡನೇ ಏಟು ದಾಂಡಿಗನ ಮೊಣಕೈಗೆ ಹಾಕಿದಳು. ಗದೆ ಕೆಳಗೆ ಬಿತ್ತು, ಸ್ಟಿಕ್ಕು ಎರಡು ತುಂಡಾಯಿತು. ಅಷ್ಟರಲ್ಲಿ ಬೆಕ್ಕುಗಣ್ಣಿನವ ಹಿಂದಿನಿಂದ ಅವಳ ತುರುಬಿಗೆ ಕೈ ಹಾಕಿ, ಹಣೆಯನ್ನು ಬಾಗಿಲ ಚೌಕಟ್ಟಿಗೆ ಜಜ್ಜಿದ. ಒಮ್ಮೆ ಜಜ್ಜಿದ, ಮತ್ತೆ ಜಜ್ಜಿದ. ಕಣ್ಣಿಗೆ ರಕ್ತ ಇಳಿದು ಎಲ್ಲವೂ ಕೆಂಪಾಯಿತು.

"ರೀ, ಹಿಡೀರಿ ಇವನ್ನ! ಹಿಡೀರಿ!" ಎಂದು ಕಿರುಚಿದಳು.

ಗಂಡ ಹತ್ತಿರ ಸುಳಿಯಲಿಲ್ಲ. ತಡಕಾಡಿದ ಕೈಗೆ ಓಟಗಾರನ ಬೂಟು ಬಂತು. ಮೊಳೆಯಿದ್ದ ಅಟ್ಟೆಯನ್ನು ಹಿಂದಕ್ಕೆ ತಿರುಗಿಸಿ, ಇದ್ದಬದ್ದ ಬಲದಿಂದ ಬೀಸಿದಳು. ಮೊಳೆಗಳು ಅವನ ಕೆನ್ನೆ ಹೊಕ್ಕು ದವಡೆಯವರೆಗೆ ಸೀಳಿದವು. ಅವನು ಮುಖ ಹಿಡಿದುಕೊಂಡು ಊಳಿಡುತ್ತ ಗ್ಯಾಲರಿಗೆ ಓಡಿದ. ಕುಂಟುತ್ತ ಎದ್ದ ದಾಂಡಿಗ ಅವಳ ಕುತ್ತಿಗೆಗೆ ಕೈ ಹಾಕಿದ. ಅಲ್ಲೇ ತಪ್ಪಿದ ನೋಡಿ ಆ ಹಾಟ್ಯಾನ ಮಗ! ಮುಂದೆ ಬಂದ ಕೈಯನ್ನು ಏನು ಮಾಡಬೇಕೆಂದು ಸಂಗಪ್ಪ ಪೈಲ್ವಾನನ ಮಗಳಿಗೆ ಹೇಳಿಕೊಡಬೇಕೇ? ಕಂಕುಳಲ್ಲಿ ತೋಳು ಸಿಕ್ಕಿಸಿ, ಸೊಂಟ ಕೊಟ್ಟು, ಮುರಿದ ಕಾಲಿನ ಕಡೆಗೇ ಅವನನ್ನು ಎತ್ತಿ ಒಗೆದಳು. ಹೊಸ್ತಿಲ ಕಲ್ಲಿಗೆ ತಲೆ ಬಡಿದು ಅವನು ಬಾಯಿ ತೆರೆದುಕೊಂಡು ಬಿದ್ದ.

ಆಗ ಗದೆ ಎತ್ತಿಕೊಂಡಳು. ಮನೀಶ್ ಹಿಂದೆ ಸರಿಯುವುದರೊಳಗೆ ಅದು ಅವನ ಹೆಗಲಿಗೆ ಇಳಿದಿತ್ತು. ಕತ್ತಿನ ಬುಡದ ಎಲುಬು ಮುರಿದು ತೋಳು ಜೋತುಬಿತ್ತು. ಮೆಟ್ಟಿಲು ಉರುಳುತ್ತ ಇಳಿಯುವಾಗಲೂ ಅವನು ಒದರುತ್ತಿದ್ದ. "ಗದಾ ರಖೋ ತುಮ್! ಮೇರಾ ಬ್ಯಾಟ್ ವಾಪಸ್ ದೋ! ಚೋರ್ ಲೋಗ್!"

ದಾಂಡಿಗನನ್ನು ಕೆಳಗಿನ ಮಾಳಿಗೆಯ ಗಂಡಸರು ಎಳೆದೊಯ್ದರು. ಪಕ್ಕದ ಖೋಲಿಯ ಶೈಲಾತಾಯಿ ನೀರು ಹಿಡಿದು ಬಾಗಿಲಲ್ಲೇ ನಿಂತಳು, ಒಳಗೆ ಬರಲು ಧೈರ್ಯ ಸಾಲದೆ. ದೇವಕ್ಕ ಕಣ್ಣಿನ ರಕ್ತ ಒರೆಸಿಕೊಂಡು ಗಂಡನನ್ನು ಹುಡುಕಿದಳು. ಅವನು ಮಂಚದ ಕೆಳಗೆ ಅರ್ಧ ತೂರಿ ಕೂತಿದ್ದ. ಮಡಿಲಲ್ಲಿ ಫುಟ್‌ಬಾಲು, ಗ್ಲೌಸು, ಸ್ಟಿಕ್ಕಿನ ತುಂಡುಗಳು. ತುಂಡುಗಳನ್ನು ಒಂದಕ್ಕೊಂದು ಹೊಂದಿಸಿ ನೋಡುತ್ತ ಅಳುತ್ತಿದ್ದ.

ಇರಲಿ, ಹೆದರಿದ್ದಾನೆ ಎಂದುಕೊಂಡಳು ದೇವಕ್ಕ. ಹಣೆಗೆ ಕಟ್ಟಲು ಬಟ್ಟೆ ಬೇಕಿತ್ತು. ಟ್ರಂಕಿನ ತಳಕ್ಕೆ ಕೈ ಹಾಕಿ ಹಳೆಯ ಸೀರೆ ಎಳೆದಳು. ಬಂದದ್ದು ಅವಳ ಮದುವೆಯ ಇಳಕಲ್ಲ ಸೀರೆ, ಅದರೊಳಗೆ ಏನೋ ಭಾರ. ಬಿಚ್ಚಿದರೆ ಬ್ಯಾಟು. ಹಳದಿಗಟ್ಟಿದ ಕಟ್ಟಿಗೆಯ ಮೇಲೆ ನೀಲಿ ಮಸಿಯ ಸಹಿಗಳು.

ಬ್ಯಾಟು ವಾಪಸ್ ಕೊಡಿ ಎಂದು ಮನೀಶ್ ಮೆಟ್ಟಿಲ ಮೇಲೆ ಒದರಿದ್ದರ ಅರ್ಥ ಅವಳಿಗೆ ಈಗ ತಿಳಿಯಿತು. ಯಾವ ಗದೆಗಾಗಿ ಹಣೆ ಒಡೆಸಿಕೊಂಡಿದ್ದಳೋ, ಅದನ್ನು ಈ ಮನುಷ್ಯ ಆಗಲೇ ಮಾತಿನಲ್ಲಿ ಕೊಟ್ಟು, ಬದಲಿಗೆ ಬ್ಯಾಟು ತಂದು, ಅವಳ ಧಾರೆಯ ಸೀರೆಯಲ್ಲೇ ಸುತ್ತಿಟ್ಟಿದ್ದ.

"ಲಿಂಗಾ ಮುಟ್ಟಿ ಆಣಿ ಮಾಡ್ದಿ," ಎಂದಳು. ಇಷ್ಟು ವರ್ಷಗಳಲ್ಲಿ ಗಂಡನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ನನ್ನ ತಲಿ ಒಡಿಯೂದು ನೋಡ್ಕೋತ ಕುಂತಿ."

ಗುರಲಿಂಗಪ್ಪ ಧಡಕ್ಕನೆ ಎದ್ದು ಬಂದು ಬ್ಯಾಟನ್ನು ಅವಳ ಕೈಯಿಂದ ಕಿತ್ತುಕೊಂಡ. "ರಕ್ತ ಹತ್ತೀತು, ಸರಿ! ನಿಮ್ಮಪ್ಪನ್ನ ಈಗ ಯಾರು ನೆನಸ್ತಾರ ಹೇಳು? ಒಂದು ಹಳ್ಳಿ ಕುಸ್ತಿ! ಇದಕ್ಕ ಇಡೀ ದೇಶ ಕೈ ಮುಗೀತೈತಿ. ನಾಳೆ ಬನ್ನಿ ಆದ ಮ್ಯಾಲ ಸಾವಕಾಶ ಹೇಳೂಣು ಅಂತ ಇದ್ದೆ."

ದೇವಕ್ಕ ಗದೆಯನ್ನು ತಲೆಯ ಮೇಲಕ್ಕೆ ಎತ್ತಿದಳು. ಬಾಗಿಲಲ್ಲಿ ನೆರೆದವರು ಹೋ ಎಂದರು. ಅವಳು ತಕ್ಷಣ ಹೊಡೆಯಲಿಲ್ಲ, ಇದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ. ಕಾದಳು. ಹೆದರಿ ತಲೆಗೆ ಕೈ ಅಡ್ಡ ಹಿಡಿದಿದ್ದರೆ, ದೇವೀ ಬ್ಯಾಡ ಅಂದಿದ್ದರೆ, ಗದೆ ಕೈಯಿಂದ ಜಾರಿಬಿಡುತ್ತಿತ್ತು ಎಂದು ಆಮೇಲೆ ಶೈಲಾತಾಯಿಯ ಮುಂದೆ ಹೇಳಿ ಅತ್ತಳು. ಅವನು ತಲೆಯನ್ನು ಹಾಗೇ ಬಿಟ್ಟ. ಬ್ಯಾಟನ್ನು ನೆಲಕ್ಕೊತ್ತಿ, ಅದರ ಮೇಲೆ ಬಾಗಿ, ಬಲಗೈಯ ಬೆರಳುಗಳನ್ನು ಅಗಲಿಸಿ ಸಹಿಗಳನ್ನು ಮುಚ್ಚಿಕೊಂಡ.

ಗದೆ ಅಲ್ಲೇ ಇಳಿಯಿತು. ಬ್ಯಾಟಿನ ಅಲಗು ಸೀಳಿತು, ಬೆರಳುಗಳು ಚಪ್ಪಟೆಯಾದವು, ಗದೆಯ ಬೆಳ್ಳಿ ತಗಡು ಒಂದು ಕಡೆ ನೆಗ್ಗಿತು. ಗುರಲಿಂಗಪ್ಪನ ಚೀರಾಟ ಕೆಳಗಿನ ರಸ್ತೆಗೂ ಕೇಳಿಸಿತು.

ಮರುದಿನ ಸಂಜೆ ದೇವಕ್ಕ ಆಸ್ಪತ್ರೆಗೆ ಹೋದಳು. ಹಣೆಗೆ ಹೊಲಿಗೆ, ಒಂದು ಕಣ್ಣು ಬಾತು ಮುಚ್ಚಿತ್ತು. ಹೋಗಬಾರದು ಎಂದುಕೊಂಡಿದ್ದಳು. ಆದರೆ ಪೊಲೀಸರು ಕೇಳಿದಾಗ ಗುರಲಿಂಗಪ್ಪ, ಕೈ ಜಜ್ಜಿದ್ದು ಆ ಗೂಂಡಾಗಳು, ಹೆಂಡತಿ ತನ್ನನ್ನು ಬಿಡಿಸಿದಳು ಎಂದು ಹೇಳಿದನಂತೆ. ಶೈಲಾತಾಯಿ ಅದನ್ನು ಬಂದು ಹೇಳಿದ ಮೇಲೆ ದೇವಕ್ಕ ಮನಸ್ಸು ಬದಲಿಸಿದಳು. ಎಷ್ಟಾದರೂ ಗಂಡ, ಒಳಗೆಲ್ಲೋ ತನ್ನ ಮೇಲೆ ಜೀವ ಇದೆ ಎಂದುಕೊಂಡಳು. ಗದೆಯನ್ನು ಚಾದರದಲ್ಲಿ ಸುತ್ತಿ ಜೊತೆಗೇ ತಂದಿದ್ದಳು, ಇನ್ನು ಅದನ್ನು ಆ ಖೋಲಿಯಲ್ಲಿ ಬಿಟ್ಟು ಬರುವ ಧೈರ್ಯ ಅವಳಿಗಿರಲಿಲ್ಲ. ವಾರ್ಡಿನ ಬಾಗಿಲ ಬಳಿ ಅದನ್ನು ಗೋಡೆಗೆ ಆನಿಸಿ ಒಳಗೆ ಹೋದಳು.

ಅವನ ಬಲಗೈ ಮೊಣಕೈವರೆಗೆ ಬಿಳಿಯ ಪಟ್ಟಿಯಲ್ಲಿತ್ತು. ಎರಡು ಬೆರಳು ತೆಗೆದುಹಾಕಿದ್ದರು. ದೇವಕ್ಕ ಸೆರಗಿನ ಗಂಟು ಬಿಚ್ಚಿ ಬನ್ನಿ ಎಲೆ ತೆಗೆದಳು, ಅವನ ಎಡಗೈಯಲ್ಲಿಟ್ಟು ಮುಷ್ಟಿ ಮುಚ್ಚಿದಳು.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರೀ," ಎಂದಳು.

ಗುರಲಿಂಗಪ್ಪ ಎಲೆಯನ್ನು ನೋಡಲಿಲ್ಲ. ಅವಳ ಹಣೆಯನ್ನೂ ನೋಡಲಿಲ್ಲ. ವಾರ್ಡಿನಲ್ಲಿ ಯಾರಿಗೂ ಕೇಳಿಸಬಾರದೆಂಬಂತೆ ದನಿ ತಗ್ಗಿಸಿದ.

"ದೇವೀ, ಬ್ಯಾಟಿನ ತುಂಡು ಪೊಲೀಸರಿಗೆ ಕಾಣದಂಗ ಎತ್ತಿ ಇಟ್ಟೀಯಿಲ್ಲೋ? ಸಹಿ ಇದ್ದ ಭಾಗ ಉಳದೈತೇನು? ಅಂಟಸಾಕ ಬರತೈತಿ."

ದೇವಕ್ಕ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬನ್ನಿ ಎಲೆಯನ್ನು ವಾಪಸ್ ತೆಗೆದುಕೊಂಡಳು. ಸೆರಗಿನಲ್ಲಿ ಗಂಟು ಹಾಕಿಕೊಂಡು ಹೊರಗೆ ಬಂದಳು. ಗದೆಯನ್ನು ಹೆಗಲ ಮೇಲಿಟ್ಟುಕೊಂಡು, ತವರೂರ ಕಡೆಯ ಗಾಡಿ ಎಷ್ಟೊತ್ತಿಗೆ ಎಂದು ಆಸ್ಪತ್ರೆಯ ವಾಚ್‌ಮನ್‌ನನ್ನು ಕೇಳಿ, ದಾದರ್ ಸ್ಟೇಶನ್ ಕಡೆ ನಡೆದಳು.