ಮೆಟ್ಟಿಲ ತಿರುವು

"ಓರೆ ಮಾಡ್ರಪ್ಪಾ, ಓರೆ ಮಾಡಿ!" ಎಂದು ಮೇಲಿದ್ದವರು ಕೂಗುತ್ತಿದ್ದಂತೆಯೇ ಶವಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಹೊತ್ತವರಲ್ಲಿ ಹೆಚ್ಚಿನವರು ಸತ್ತವನ ಗೋದಾಮಿನ ಜೊತೆಗಾರರೇ, ಹೊರೆ ಎತ್ತಿ ಪಳಗಿದ ಕೈಗಳು. ಆದರೂ ಕೆಳಗೆ ನಿಂತು ನೋಡುತ್ತಿದ್ದ ಅವನ ಹೆಂಡತಿಗೆ ಜೀವ ಬಾಯಿಗೆ ಬಂದಿತ್ತು. ಒಮ್ಮೆ ಬಿದ್ದವನು ಇನ್ನೊಮ್ಮೆ ಬೀಳಬಾರದು. ಅವಳಿಗೆ ಇವತ್ತು ಬೇಕಿದ್ದದ್ದು ಅಷ್ಟೇ.

ಕೆಳತುದಿ ಹಿಡಿದಿದ್ದ ಅವಳ ತಮ್ಮ ತಿರುಗಿ ಕೂಗಿದ. "ಅಕ್ಕಾ, ನನ್ ಕೈಲಾಗ್ತಿಲ್ಲ. ಬೇರೆ ಯಾರನ್ನಾದ್ರೂ ಕರಿ."

"ಡ್ರೈವರ್‌ನ ಕರೀಲಾ?" ಎಂದ ಮೇಲಿನವನೊಬ್ಬ. ಎಲ್ಲರೂ ಅವಳ ಕಡೆ ನೋಡಿದರು. ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಎಂಬ ಸರಕೆತ್ತುವ ಗಾಡಿ ಓಡಿಸುವ, ಗಂಡನ ಆ ಗೆಳೆಯ ಬೆಳಗಿನಿಂದ ಗೇಟಿನಾಚೆಯೇ ನಿಂತಿದ್ದ. ಗಂಡ ಬಿದ್ದಾಗಿನಿಂದ ಅವಳು ಅವನಿಗೆ ಈ ಮೆಟ್ಟಿಲು ತುಳಿಯಲು ಬಿಟ್ಟಿರಲಿಲ್ಲ.

*

ಅದು ಗೋದಾಮಿನಲ್ಲಿ ಎಲ್ಲರೂ ಮಾಡುತ್ತಿದ್ದ ತಪ್ಪು. ಏಣಿ ತರಲು ಸೋಮಾರಿತನ. ಫೋರ್ಕ್‌ಲಿಫ್ಟಿನ ಮೇಲಿನ ಮರದ ಹಲಗೆಯ ಮೇಲೆ ಒಬ್ಬ ನಿಂತರೆ ಇನ್ನೊಬ್ಬ ಅವನನ್ನು ಎತ್ತುತ್ತಿದ್ದ. ಆ ದಿನ ಡ್ರೈವರ್ ಗಂಡನನ್ನು ಎತ್ತಿದಾಗ ಹಲಗೆ ಜಾರಿತು.

ಸೊಂಟ ಮುರಿದುಕೊಂಡು ಮಲಗಿದ ಪುಣ್ಯಾತ್ಮ ಹೇಳಿದ್ದೇನು? "ಎತ್ತು ಅಂದವನು ನಾನು ಕಣೇ. ಅವನು ಬೇಡ ಬೇಡ ಅಂತಾನೇ ಇದ್ದ."

"ನಿಮಗೆ ಲೋಕದೋರೆಲ್ಲ ಒಳ್ಳೆಯೋರೇ!" ಎಂದು ಸಿಡುಕಿದ್ದಳು.

ಕುಂಟುತ್ತಲೇ ಮತ್ತೆ ಕೆಲಸಕ್ಕೆ ಹೋದ. ಹತ್ತುವ ಕೆಲಸ ತಪ್ಪಿ, ಹತ್ತುವವರ ಏಣಿ ಹಿಡಿಯುವ ಕೆಲಸ ಸಿಕ್ಕಿತು. ಜೊತೆಯವರು 'ಏಣಿಯಪ್ಪ' ಎಂದು ಅಡ್ಡಹೆಸರಿಟ್ಟರು. ಅವನಿಗೋ ಬಿರುದು ಸಿಕ್ಕಷ್ಟು ಹಿಗ್ಗು. ಮನೆಯಲ್ಲಿ ಅವಳು ಸ್ಟೂಲು ಹತ್ತಿದರೆ ಸಾಕು, ಎಂಜಲು ಕೈಯಲ್ಲೇ ಓಡಿಬಂದು ಹಿಡಿಯುತ್ತಿದ್ದ.

"ಸೀರೆಗೆಲ್ಲ ಸಾರು ಮಾಡಿದ್ರಲ್ಲ!"

"ಸೀರೆ ಒಗೀಬಹುದು. ಸೊಂಟ ಹೊಲಿಯೋಕಾಗತ್ತಾ?"

ಅಂಥವನು ನಿನ್ನೆ ನಿದ್ದೆಯಲ್ಲೇ, ಯಾರಿಗೂ ತೊಂದರೆ ಕೊಡದೆ ಹೋಗಿಬಿಟ್ಟ. ಅವಳಿಗೆ ಅದೇ ಸಿಟ್ಟು. ತನ್ನನ್ನೊಮ್ಮೆ ಎಬ್ಬಿಸಬಾರದಿತ್ತೇ?

*

"ಕರೀರಿ ಅವರನ್ನ," ಎಂದಳು.

ಡ್ರೈವರ್ ಬಂದ. ತಲೆಯೆತ್ತದೆ ಅವಳನ್ನು ದಾಟಿ ಹೋಗಿ ಕೆಳತುದಿಗೆ ಎದೆಗೊಟ್ಟ; ಅವಳ ತಮ್ಮ ಜಾಗ ಬಿಟ್ಟು ಕೆಳಗಿಳಿದು ಬಂದ. ಪೆಟ್ಟಿಗೆ ಓರೆಯಾಗಿ ಕದಲಿತು. ಭಾರವೆಲ್ಲ ಅವನ ಮೇಲೆ ಬಂತು. ಇನ್ನು ಅವನು ಹಿಮ್ಮುಖವಾಗಿಯೇ ಇಳಿಯಬೇಕು.

"ಹಿಂದೆ ಏನೂ ಕಾಣ್ತಿಲ್ಲ," ಎಂದ.

"ಅಕ್ಕಾ, ನೀನು ಪಕ್ಕಕ್ಕೆ ಬಾ," ಎಂದು ತಮ್ಮ ಅವಳ ಕೈ ಹಿಡಿದೆಳೆದ.

ಅವಳು ಕೈ ಬಿಡಿಸಿಕೊಂಡು ಎರಡು ಮೆಟ್ಟಿಲು ಹತ್ತಿದಳು. ಬೆವರಿಗೆ ಒದ್ದೆಯಾಗಿದ್ದ ಡ್ರೈವರನ ಬೆನ್ನಿಗೆ ಅಂಗೈ ಊರಿದಳು.

"ನಿಧಾನ, ಅಣ್ಣಾ. ಇಲ್ಲೊಂದು ಮೆಟ್ಟಿಲಿದೆ. ಕಾಲಿಡಿ."

ಅವನ ಕಾಲು ಗಾಳಿಯಲ್ಲಿ ತಡಕಿ, ಅವಳು ಹೇಳಿದಲ್ಲಿ ಊರಿತು.