ಒಲೆಯಲ್ಲೇ ಉಳಿದ ರೊಟ್ಟಿ

ಗಡಿಯಲ್ಲಿ ಗುಂಡು ಹಾರಿದ ವರ್ಷ ನಡೆದದ್ದನ್ನು ಬಾತ್ಕೆನ್ ಸೀಮೆಯ ಹೆಂಗಸರು ಇಂದಿಗೂ ಹಿಟ್ಟು ನಾದುತ್ತಾ ಹೇಳಿಕೊಳ್ಳುತ್ತಾರೆ.

ಊರು ಸುಟ್ಟುಹೋಗಿ ಓಡಿಬಂದ ಝಿಪಾರಳಿಗೆ ಉಮ್ಸುನಾಯ್ ತನ್ನ ಮನೆಯಲ್ಲಿ ಇಂಬು ಕೊಟ್ಟಿದ್ದಳು. ಇಬ್ಬರೂ ಯೇಸುವನ್ನು ನಂಬಿದವರು. ಝಿಪಾರಳ ಗಂಡ ದೂರದ ರಷ್ಯಾದಲ್ಲಿ ಕೂಲಿಗಿದ್ದ. ಬಂದು ದಿನಗಳು ಕಳೆದರೂ ಅವಳು ಬರೀ ಚಹಾ ಕುಡಿದಳು, ರೊಟ್ಟಿ ಮುಟ್ಟಲಿಲ್ಲ. ಕಣ್ಣು ಮಿಟುಕಿಸದೆ ಗೋಡೆ ನೋಡುತ್ತಾ ಕುಳಿತಳು. ಮಡಿಲ ಕೂಸು ಹಾಲು ಸಾಲದೆ ಚೀರುತ್ತಿತ್ತು.

ಇಟ್ಟ ರೊಟ್ಟಿಯನ್ನು ನಿರಾಕರಿಸುವುದು ಆ ನಾಡಿನಲ್ಲಿ ಮನೆಯವರ ಮುಖಕ್ಕೆ ಹೊಡೆದಂತೆ. ಒಂದು ದಿನ ಉಮ್ಸುನಾಯ್ ಅವಳೆದುರು ಬಂದು ನಿಂತಳು.

“ದೇವರ ಚಿತ್ತ ಅಂತ ಸಮಾಧಾನ ಮಾಡ್ಕೊಳ್ಳೇ. ಹೋದ ಮನೆಗಿಂತ ಒಳ್ಳೇದು ಕೊಡ್ತಾನೆ. ನಂಬಿಕೆ ಇದ್ದೋರು ಹಿಂಗೆ ಕೂರ್ತಾರಾ?” ಎನ್ನುತ್ತಾ ಬಿಸಿ ರೊಟ್ಟಿ ಮುರಿದು ಚಾಚಿದಳು.

ಅಷ್ಟರಲ್ಲಿ ಕಡಾಯಿಯ ಮುಚ್ಚಳ ಜಾರಿ ಢಣ್ಣೆಂದು ನೆಲಕ್ಕೆ ಬಿತ್ತು. ಝಿಪಾರ್ ಕೂಸನ್ನು ಎದೆಗವುಚಿ ಮೂಲೆಗೆ ಹಾರಿ ಮುದುಡಿದಳು. ಬಾಯಿ ತೆರೆದಿತ್ತು, ದನಿಯಿರಲಿಲ್ಲ. ಉಮ್ಸುನಾಯ್‌ ಚಾಚಿದ ರೊಟ್ಟಿಯನ್ನು ಹಿಂತೆಗೆದಳು.

ಕೂಸನ್ನು ನೋಡಲು ಬಂದ ದಾದಿ ಕಲೀಪಾ ಹೊಸ್ತಿಲಲ್ಲೇ ಇದನ್ನು ಕಂಡಳು. ಹಿಡಿದೆಬ್ಬಿಸಲಿಲ್ಲ, ಸ್ವಲ್ಪ ಅಂತರ ಬಿಟ್ಟು ತಾನೂ ನೆಲದ ಮೇಲೆ ಕುಳಿತಳು.

“ಮುಚ್ಚಳ ಬಿತ್ತು ತಂಗಿ, ಅಷ್ಟೇ. ನಾನಿಲ್ಲೇ ಇರ್ತೀನಿ.”

“ನೀನಾದ್ರೂ ಬುದ್ಧಿ ಹೇಳು ಕಲೀಪಾ,” ಉಮ್ಸುನಾಯ್ ತೊದಲಿದಳು. “ವಾಕ್ಯ ಓದಿದೆ, ಪ್ರಾರ್ಥನೆ ಮಾಡಿದೆ…”

“ಆ ಮುಚ್ಚಳನ ನಿನ್ನ ಬಾಯಿಗೆ ಹಾಕ್ಕೋ ಅಕ್ಕ. ಹೇಳಿದ್ದು ಸಾಕು, ಒಂದಿಷ್ಟು ಕೇಳು.”

ಬಹಳ ಹೊತ್ತಿನ ಮೇಲೆ ಝಿಪಾರಳ ತುಟಿ ಅಲುಗಿತು.

“ರೊಟ್ಟಿ ಒಲೆಗೋಡೆಗೆ ಅಂಟ್ಕೊಂಡು ಬೇಯ್ತಿತ್ತು. ಬಿಟ್ಟು ಓಡಿದೆ. ಒಂದು ಚೂರೂ ಬಾಯಿಗೆ ಹಾಕ್ಕೊಳ್ಳಿಲ್ಲ. ರೊಟ್ಟಿ ಮುಟ್ಟದೆ ಹೊಸ್ತಿಲು ದಾಟಿದೋರನ್ನ ಮನೆ ಮತ್ತೆ ಕರೆಯಲ್ಲ ಅಂತಾರಲ್ಲಕ್ಕ… ಇಲ್ಲಿ ಯಾವ ಬಾಯಲ್ಲಿ ತಿನ್ಲಿ?”

ಉಮ್ಸುನಾಯ್‌ಗೆ ಸಿಡಿಲು ಬಡಿದಂತಾಯಿತು. ಪ್ರತಿದಿನ ತಾನು ಬಿಸಿ ರೊಟ್ಟಿ ತಂದಿಟ್ಟಾಗಲೆಲ್ಲ ಈ ಹೆಣ್ಣಿನ ಕಣ್ಣಮುಂದೆ ಆ ಮನೆ ಮತ್ತೆ ಉರಿದಿತ್ತು! ಅವಳೂ ನೆಲಕ್ಕೆ ಕುಸಿದಳು. ಇಬ್ಬರೂ ಅತ್ತರು. ಕಣ್ಣೊರೆಸಿಕೊಂಡು ಉಮ್ಸುನಾಯ್ ಮೆಲ್ಲಗೆ ಕೇಳಿದಳು:

“ಹೆರೋದ ರಾಜನ ಆಳುಗಳು ಕೂಸನ್ನ ಕೊಲ್ಲೋಕೆ ಹುಡುಕಿ ಬರ್ತಾರೆ ಅಂದಾಗ ಮರಿಯಳು ರೊಟ್ಟಿ ಬೇಯೋತನಕ ಕಾದ್ಲೇನೇ? ಎತ್ಕೊಂಡು ಓಡಿದ್ಲು. ನಮ್ಮ ಕರ್ತ ಯೇಸುನೂ ಹಂಗೇ ಊರು ಬಿಟ್ಟ ಕೂಸು ಕಣೇ.”

ಝಿಪಾರ್ ಮೊದಲ ಬಾರಿಗೆ ಅವಳ ಮುಖ ನೋಡಿದಳು.

“ಹಿಟ್ಟು ನಾದ್ತೀಯಾ ತಂಗಿ? ಬೇಡ ಅನ್ಸಿದ್ರೆ ಬೇಡ,” ಎಂದಳು ಕಲೀಪಾ.

ಝಿಪಾರ್ ನಾದಿದಳು. ತನ್ನ ಕೈಯಿಂದಲೇ ಒಲೆಗೋಡೆಗೆ ಬಡಿದಳು. ಬೇಯುವವರೆಗೂ ಅಲ್ಲೇ ನಿಂತಳು. ಊರು ಬಿಡುವವರು ಮಾಡುವ ವಾಡಿಕೆಯಂತೆ ಮೊದಲ ರೊಟ್ಟಿಯನ್ನು ಒಂದು ಕಡಿ ಕಚ್ಚಿ, ಊರಿಗೆ ಮರಳುವ ದಿನಕ್ಕೆಂದು ಗೋಡೆಗೆ ತೂಗುಹಾಕಿದಳು. ಬಾಗಿಲ ಪಕ್ಕ ಎನ್ನುವವರಿದ್ದಾರೆ, ಶಿಲುಬೆಯ ಕೆಳಗೆ ಎನ್ನುವವರೂ ಇದ್ದಾರೆ. ಎರಡನೆಯ ರೊಟ್ಟಿಯನ್ನು ಮಾತ್ರ ಪೂರ್ತಿ ತಿಂದಳೆಂಬುದರಲ್ಲಿ ಭೇದವಿಲ್ಲ.

ತಾಯಂದಿರೇ, ಅಣ್ಣಂದಿರೇ, ನೆಲೆ ಕಳೆದುಕೊಂಡವರು ನಿಮ್ಮ ಬಾಗಿಲಿಗೆ ಬಂದಾಗ ದೇವರ ಚಿತ್ತವನ್ನು ವಿವರಿಸಲು ಆತುರಪಡಬೇಡಿ. ಪಕ್ಕದಲ್ಲಿ ಕುಳಿತುಕೊಳ್ಳಿ. ಊಟ ನಿದ್ದೆ ಬಿಟ್ಟಿದ್ದರೆ ದಾದಿಯನ್ನು ಕರೆಯಿರಿ. ಅವರು ಬಿಟ್ಟು ಬಂದದ್ದೇನೆಂದು ಅವರಾಗಿ ಹೇಳುವವರೆಗೆ ಕಾಯಿರಿ. ಊರು ಬಿಟ್ಟ ಕೂಸಾಗಿದ್ದವನು ಆಗ ನಿಮ್ಮಿಬ್ಬರ ನಡುವೆಯೇ ಕುಳಿತಿರುತ್ತಾನೆ.