ಇಪ್ಪತ್ತಕ್ಕ ಸಾಕು ಅನ್ರಿ

ನಮ್ಮ ಶಿರಗುಪ್ಪ್ಯಾಗ ಬಡಕ ಹುಡುಗನ್ನ ಕಂಡ್ರ ಮಂದಿ ಸುಮ್ನ ಬಿಡಂಗಿಲ್ಲ. "ಏನಲೇ, ನಿಮ್ಮವ್ವ ರೊಟ್ಟಿ ತಿನ್ನಾಕ ಕೊಡ್ತಾಳೋ, ಬರೇ ತೋರಸ್ತಾಳೋ?" ಅಂತಾರ. ಅನ್ನಾವ್ರು ನಕ್ಕು ಹೋಗಿಬಿಡ್ತಾರ. ಅನಿಸಿಕೊಂಡಾಂವಗ ಆ ಮಾತು ಉಣ್ಣಾಕ ಕುಂತ್ರೂ ಬಿಡಂಗಿಲ್ಲ. ನಿಮ್ಮೂರಾಗೂ ಹಿಂಗ ಇರತೈತಿ ಬಿಡ್ರಿ.

ನಾನು ಮಕಬೂಲಸಾಬ. ಈ ಊರ ಗರಡಿಮನಿ ವಸ್ತಾದ ಆಗಿ ಇಪ್ಪತ್ತೆರಡು ವರ್ಷ ಆತು. ಸಿಟ್ಟಿನ ಮನಷ್ಯಾ, ನಾಲಿಗಿ ಒರಟು ಅಂತ ಮಂದಿ ಅಂತಾರ, ಅದು ಖರೇನೂ ಐತಿ. ಇವತ್ತು ಮಾತ್ರ ನಿಮ್ಮ ಮ್ಯಾಲೆ ಸಿಟ್ಟಿಲ್ರಿ. ನನ್ನ ಮ್ಯಾಲೆ ಐತಿ.

ನಮ್ಮೂರ ರುಕ್ಮವ್ವಗ ಇಬ್ಬರು ಗಂಡಮಕ್ಕಳು. ಗಂಡ ತೀರಿಕೊಂಡು ಭಾಳ ದಿನ ಆಗಿತ್ತು. ದೊಡ್ಡಮಗ ಹೊಳೆಯಪ್ಪ, ಹತ್ತೊಂಬತ್ತು ವರ್ಷದಾಂವ, ಹುಬ್ಬಳ್ಳ್ಯಾಗ ಹತ್ತಿ ಅಂಡಿಗಿ ಹೊರೋ ಕೆಲಸ ಕೇಳಾಕ ಹೋಗಿದ್ದ. ಅಲ್ಲಿ ಮುಕಾದಮ ಅವನ ತೋಳು ಹಿಡಿದು ನೋಡಿ, "ಇದು ಅಂಡಿಗಿ ಹೊರೋ ತೋಳಲ್ಲಪಾ, ಬಳಿ ಇಡೋ ತೋಳು" ಅಂದು ಎಲ್ಲಾರ ಮುಂದ ನಕ್ಕು ಹೊಳ್ಳಿ ಕಳಿಸಿದ್ದ. ಹುಡುಗ ಮನಿಗೆ ಹೋಗಲಿಲ್ಲ, ಸೀದಾ ನಮ್ಮ ಗರಡಿಗೆ ಬಂದ. ಪಂಚಮಿ ಇನ್ನೂ ನಾಕು ದಿನ ಇತ್ತು.

"ವಸ್ತಾದ್ರ, ತಿಂಗಳೊಪ್ಪತ್ತಿನ್ಯಾಗ ನನ್ನ ತೋಳು ದಪ್ಪ ಆಗಬೇಕ್ರಿ" ಅಂದ.

"ತಿಂಗಳದಾಗ ಬೆಂಡಿಕಾಯಿನೂ ಆಗಂಗಿಲ್ಲಲೇ" ಅಂದ್ನಿ. "ಮೊದಲಿಗೆ ಇಪ್ಪತ್ತು ಬಸ್ಕಿ, ಐದು ದಂಡ. ದಿನ ಬಿಟ್ಟು ದಿನ. ಮುಂದಿಂದು ಮುಂದ ನೋಡೂಣು."

"ಇಪ್ಪತ್ತರಲೆ ಏನಾಗತೈತ್ರಿ?" ಅಂತ ಮಾರಿ ಸಣ್ಣದು ಮಾಡಿದ.

ನಾನು ಬಾಯಿಲೆ ಛಲೋದು ಹೇಳಿದ್ನಿ, ಖರೆ. ನಾಕು ದಿನಕ್ಕ ಆ ಮಾತು ನಾನ ಮರತ್ನಿ.

ಪಂಚಮಿ ಅಂದ್ರ ನಮ್ಮ ಕಡೆ ಹೆಣ್ಣಮಕ್ಕಳಿಗೆ ಜೋಕಾಲಿ, ಗಂಡಹುಡುಗರಿಗೆ ಪಂದ್ಯ. ಲಿಂಬಿಹಣ್ಣು ಒಗೆಯೋದು, ಕಣ್ಣು ಕಟ್ಟಿಕೊಂಡು ನಡೆಯೋದು, ಚೀಲ ಹೊತ್ತು ಊರು ಸುತ್ತೋದು. ಗೆದ್ದಾಂವಗ ಕೊಬ್ಬರಿ ಬಟ್ಟಲು. ಆ ವರ್ಷ ಗೆಳೆಯಾರು ಹೊಳೆಯಪ್ಪನ್ನ ಕೆಣಕಿದ್ರು. "ಎಂಟನೂರು ಬಸ್ಕಿ ಹೊಡಿ, ನಿನ್ನ ಗಂಡಸು ಅಂತೀವಿ" ಅಂದ್ರು. ಅಂವ ಧೋತರ ಬಿಗಿದು ಕಟ್ಟಿ ನಿಂತ.

ಎಣಿಸಿದಾಂವ ನಾನು. ಇದನ್ನ ಮುಚ್ಚಿಡಂಗಿಲ್ಲ. ಗರಡಿ ಕಟ್ಟಿ ಮ್ಯಾಲೆ ಕುಂತು, ಬಾಯಾಗ ಶೇಂಗಾ ಉಂಡಿ ಇಟಗೊಂಡು, ದೊಡ್ಡ ದನಿಲೆ ಎಣಿಸಿದ್ನಿ. ಇನ್ನೂರಕ್ಕ ಅವನ ತೊಡಿ ನಡುಗಾಕ ಹತ್ತಿದ್ವು. ಮುನ್ನೂರಾ ಹತ್ತಕ್ಕ "ನೀರು" ಅಂದ. "ನಡುವ ನೀರು ಕುಡದ್ರ ಉಸಿರು ಹಿಡಿತೈತಿ, ಮುಗಿಸಿ ಕುಡಿ" ಅಂದ್ನಿ. ನನ್ನ ವಸ್ತಾದ ನನಗ ಹಂಗ ಹೇಳಿದ್ದ, ನಾನೂ ಹಂಗ ಹೇಳಿದ್ನಿ. ಎಂಟನೂರು ಮುಗಿಸಿದ. ಹುಡುಗರು ಹೆಗಲ ಮ್ಯಾಲೆ ಹೊತ್ತು ಕುಣಿದ್ರು. ಅಂಥಾ ನಗಿ ನಾನು ಅವನ ಮಾರಿ ಮ್ಯಾಲೆ ಹಿಂದ ಯಾವತ್ತೂ ಕಂಡಿರಲಿಲ್ಲ.

ಮರುದಿನ ಅಂವ ಹಾಸಿಗಿ ಬಿಟ್ಟು ಏಳಲಿಲ್ಲ. ತೊಡಿ ಬಾತು ಕಲ್ಲಾಗಿದ್ವು. "ಮೈ ಹುರಿಗೊಳ್ಳಾಕತ್ತೈತಿ, ಛಲೋ ಆತು" ಅಂದ್ವಿ ನಾವೆಲ್ಲಾ. ರುಕ್ಮವ್ವ ಪಾಪ, ಎಣ್ಣಿ ಕಾಸಿ ತಿಕ್ಕಿದಳು. ಸಂಜೀಕ ಉಚ್ಚಿ ಕರೇ ಚಹಾದ ಬಣ್ಣ ಬಂತು. ಉಷ್ಣ ಆಗೇತಿ ಅಂದು ಮಜ್ಜಿಗಿ ಕುಡಿಸಿದ್ರು. ಮೂರನೇ ದಿನ ಉಚ್ಚಿನ ನಿಂತಿತು. ಆಗ ಗಾಡಿ ಕಟ್ಟಿಕೊಂಡು ಹುಬ್ಬಳ್ಳಿ ದವಾಖಾನಿಗೆ ಒಯ್ದ್ವಿ.

ಡಾಕ್ಟರು ಎಲ್ಲಾ ಕೇಳಿ, ನನ್ನ ಕಡೆ ನೋಡಿ ಹೇಳಿದ್ರು: "ರೂಢಿ ಇಲ್ಲದ ಮೈಗೆ ಒಮ್ಮಿಗಲೇ ಇಷ್ಟು ದುಡಿಸಿದ್ರ ಖಂಡ ಒಳಗ ಒಡಿತಾವು. ಆ ಹೊಲಸು ರಕ್ತದಾಗ ಸೇರಿ ಮೂತ್ರಪಿಂಡ ಕೆಡಸತೈತಿ. ಉಚ್ಚಿ ಕರ್ರಗ ಕಂಡ ದಿನಾನ ತಂದಿದ್ರ..."

ಐದನೇ ದಿನ ಹೊಳೆಯಪ್ಪ ತೀರಿಕೊಂಡ. ಮನ್ಯಾಗ ಅವನ ತಲಿದಿಂಬಿನ ಬುಡಕ ಪಂದ್ಯದಾಗ ಗೆದ್ದ ಕೊಬ್ಬರಿ ಬಟ್ಟಲು ಹಂಗ ಇತ್ತು, ಒಂದು ತುಣುಕೂ ತಿಂದಿರಲಿಲ್ಲ.

ನಾನು ಗರಡಿಗೆ ಕೀಲಿ ಹಾಕಿದ್ನಿ. ರುಕ್ಮವ್ವ ನನ್ನ ಕಂಡ್ರ ಓಣಿ ಬದಲಿಸಿ ಹೋಗತಿದ್ದಳು. ಬೈದಿದ್ರ ನನಗ ಹಗುರ ಆಗತಿತ್ತು.

ಮೂರು ವರ್ಷ ಆತು. ಸಣ್ಣಮಗ ಗುರುಶಿದ್ದಪ್ಪಗ ಹದಿನೆಂಟು ತುಂಬಿತ್ತು. ಚಳಿಜ್ವರ ಬಂದು ಎರಡು ತಿಂಗಳು ಮಲಗಿ ಎದ್ದಿದ್ದ. ಜ್ವರ ಹೋದ್ರೂ ಬಲ ಬರಲಿಲ್ಲ. ಒಂದು ಕೊಡ ನೀರು ಎತ್ತಿದ್ರ ಕೈ ನಡುಗತಿದ್ವು, ಕುಂತು ಎದ್ರ ಸೊಂಟ ಹಿಡಿತಿತ್ತು. ರುಕ್ಮವ್ವ ತುಪ್ಪ ಹಾಕಿ ಹಾಕಿ ಉಣಿಸಿದಳು, ಒಂದು ಕಡ್ಡಿ ಎತ್ತಾಕ ಬಿಡಲಿಲ್ಲ. ಉಂಡದ್ದೆಲ್ಲಾ ಹೊಟ್ಟಿಗೆ ಬಂತು, ಕೈಕಾಲು ಹಂಗ ಸಣ್ಣ ಉಳಿದ್ವು.

ಒಂದಿನ ಮುಂಜಾನೆ ಆಕಿ ನನ್ನ ಬಾಗಿಲಿಗೆ ಬಂದು ನಿಂತಳು. ಮೂರು ವರ್ಷದ ಮ್ಯಾಲೆ ಮೊದಲನೇ ಮಾತು ಅದು.

"ಮಕಬೂಲಣ್ಣ, ಗುರುಶಿದ್ದ ದನದ ಕೊಟ್ಟಿಗ್ಯಾಗ ನನಗ ಕಾಣದಂಗ ಬಸ್ಕಿ ಹೊಡ್ಯಾಕತ್ತಿದ್ದ. ಬಿದ್ದಾನ, ಕೇಳಿದ್ರ ನೂರಾ ಇಪ್ಪತ್ತು ಹೊಡದ್ನಿ ಅಂತಾನ. ಒಬ್ಬನ್ನ ನುಂಗಿದಿ. ಇವನ್ನರ ಬಿಡಸಪಾ. ನೀ ಹೇಳಿದ್ರ ಕೇಳ್ತಾನ."

"ಉಚ್ಚಿ ಬಣ್ಣ ನೋಡಿದೇನ ತಂಗೀ?" ಅಂದ್ನಿ.

"ನೋಡೇನಿ. ನೆಟ್ಟಗೈತಿ."

"ದೇವರು ದೊಡ್ಡಾಂವ. ಇವತ್ತು ನೀರು ಭಾಳ ಕುಡಿಸು, ನಾಳೆನೂ ಬಣ್ಣ ನೋಡು. ಕರ್ರಗ ಬಂತಂದ್ರ ಆ ತಾಸಿಗೆ ಗಾಡಿ ಕಟ್ಟೂಣು. ಮತ್ತ ಒಂದು ಮಾತು. ಬಿಡಿಸಿದ್ರ ಅಂವ ಕದ್ದು ಮಾಡ್ತಾನ. ಬಿಡಸೋದು ಬ್ಯಾಡ, ಕಲಿಸೂಣು."

"ಮತ್ತ ಗರಡಿ ಮಾತು ತಗೀತಿಯೇನು?" ಆಕಿ ಕಣ್ಣು ಕೆಂಪಾದ್ವು. "ಸಾಮು ಅಂದ್ರ ಸಾವು ನನಗ."

"ಸಾಮು ಕೊಲ್ಲಲಿಲ್ಲ, ರುಕ್ಮವ್ವಾ. ನನ್ನ ಎಣಿಕಿ ಕೊಂದಿತು. ಆ ಡಾಕ್ಟರ ಕಡೆ ನಾನು ನಾಕು ಸಲ ಹೋಗಿ ಕೇಳಿಕೊಂಡು ಬಂದೇನಿ. ನಿನ್ನ ಅಂಗಳದಾಗ ಮಾಡ್ಲಿ, ನಿನ್ನ ಕಣ್ಣ ಮುಂದ. ಎಣಿಸಾಕಿ ನೀನು. ನೀ ಸಾಕು ಅಂದ್ರ ಸಾಕು."

ಆಕಿ ಸೆರಗಿಲೆ ಕಣ್ಣು ಒರಸಿಕೊಂಡು, "ನನಗ ಇಪ್ಪತ್ತರ ಮ್ಯಾಲೆ ಎಣಿಸಾಕ ಬರಂಗಿಲ್ಲಣ್ಣ" ಅಂದಳು.

"ಅಷ್ಟ ಬೇಕಾಗಿದ್ದು" ಅಂದ್ನಿ.

ಹುಡುಗನ ಮೈನೋವು ಪೂರಾ ಇಳೀಲಿ ಅಂತ ಹತ್ತು ದಿನ ಬಿಟ್ವಿ. ಸುರು ಮಾಡಿದ ದಿನ ಎಂಟು ಬಸ್ಕಿ, ಮೂರು ದಂಡ, ಅದೂ ಗ್ವಾಡಿ ಹಿಡಕೊಂಡು. ನಡುವ ನೀರು. ಮರುದಿನ ವಿಶ್ರಾಂತಿ. ಇಪ್ಪತ್ತು ಆಗೂತನಕ ವಾರಕ್ಕ ಎರಡೆರಡು ಹೆಚ್ಚ ಮಾಡಿದ್ವಿ, ಆಮ್ಯಾಲೆ ನಡುವ ದಣಿವು ಆರಿಸಿಕೊಂಡು ಇಪ್ಪತ್ತಿಪ್ಪತ್ತರ ಸುತ್ತು. ಊಟಕ್ಕ ರೊಟ್ಟಿ, ಬ್ಯಾಳಿ, ಮೊಳಕಿಕಾಳು, ಹಾಲು. ರುಕ್ಮವ್ವ ಕಟ್ಟಿ ಮ್ಯಾಲೆ ಕುಂತು ಎಣಿಸತಿದ್ದಳು. "ಎಂಟು" ಅನ್ನೋದ್ರಾಗ ದನಿ ಒಡಿತಿತ್ತು, ಆದ್ರೂ "ಸಾಕು" ಅಂತ ಗಟ್ಟಿಯಾಗಿ ಅಂತಿದ್ದಳು.

ತಿಂಗಳಾತು. ಗುರುಶಿದ್ದ ತೋಳು ನೋಡಕೊಂಡು, "ಏನೂ ಆಗಿಲ್ರಿ ವಸ್ತಾದ್ರ" ಅಂದ.

"ಕೊಡ ಎತ್ತಿದ್ರ ಕೈ ನಡುಗತಾವೇನು?"

"ಇಲ್ರಿ."

"ಮತ್ತ? ಮೊದಲು ಬಲ ಬರತೈತಿ, ರೂಪ ಆಮ್ಯಾಲೆ. ಕನ್ನಡಿ ಬಿಡು, ಕೊಡ ನೋಡು."

ಐದು ತಿಂಗಳಿಗೆ ಹೊಟ್ಟಿ ಇಳೀತು, ಬೆನ್ನು ನೆಟ್ಟಗಾತು, ಎದಿ ಅಗಲ ಆತು. ಅಂವ ಹಾಕ್ಕೊಳ್ಳತಿದ್ದದ್ದು ಅಣ್ಣನ ಅಂಗಿ. ಜ್ವರದಿಂದ ಎದ್ದಾಗ ಗೂಟಕ್ಕ ಹಾಕಿದಂಗ ಜೋತುಬಿದ್ದಿತ್ತು. ಒಂದಿನ ದಂಡ ಹೊಡಿವಾಗ ಅದರ ಹೆಗಲ ಹೊಲಿಗಿ ಪರ್ ಅಂತ ಬಿಚ್ಚಿತು. ರುಕ್ಮವ್ವ ಎಣಿಸೋದು ಬಿಟ್ಟು ಎದ್ದು ಬಂದಳು. ಬಿಚ್ಚಿದ ಹೊಲಿಗಿ ಮ್ಯಾಲೆ ಕೈ ಇಟ್ಟು ನನ್ನ ಕೇಳಿದಳು:

"ಅಣ್ಣ, ಇಪ್ಪತ್ತಿಪ್ಪತ್ತು ಹೊಡದಿದ್ರ ನನ್ನ ಹೊಳೆಯಪ್ಪನ ಮೈನೂ ಹಿಂಗ ತುಂಬತಿತ್ತೇನು?"

ಸುಳ್ಳು ಹೇಳಬೇಕಂದ್ನಿ. ಬಾಯಿ ಬರಲಿಲ್ಲ. "ತುಂಬತಿತ್ತು, ತಂಗೀ" ಅಂದ್ನಿ. ಆಕಿ ಅಂಗಿಗೆ ಮಾರಿ ಒತ್ತಿ ಅತ್ತಳು, ನಾನೂ ಅತ್ನಿ.

ಈಗ ಗರಡಿ ಕೀಲಿ ತಗದೈತಿ. ಹೆಣ್ಣಮಕ್ಕಳು ಒಳಗ ಬರಂಗಿಲ್ಲ, ಅದಕ್ಕ ರುಕ್ಮವ್ವ ಪಂಚಮಿ ದಿನ ಹೊರಗ ಕಟ್ಟಿ ಮ್ಯಾಲೆ ಬುಟ್ಟಿ ತುಂಬ ಕೊಬ್ಬರಿ ಬಟ್ಟಲು ಇಟಗೊಂಡು ಕುಂದರತಾಳ. ಹೊಸಾ ಹುಡುಗರಿಗೆ ಆಕಿದೊಂದ ಪಂದ್ಯ. ಇಪ್ಪತ್ತಕ್ಕ ನಿಂತಾಂವಗ ಕೊಬ್ಬರಿ, ಇಪ್ಪತ್ತೊಂದು ಹೊಡದಾಂವಗ ಇಲ್ಲ.

ಅವ್ವಗೋಳ್ರ, ಅಪ್ಪಗೋಳ್ರ, ಮಕ್ಕಳು ಸಾಮು ಮಾಡ್ಲಿ, ತಡಿಬ್ಯಾಡ್ರಿ. ಆದ್ರ ಸಣ್ಣದರಿಂದ ಸುರು ಮಾಡಸ್ರಿ. ನೀರು ಕೊಡ್ರಿ, ಹೊಟ್ಟಿತುಂಬ ಉಣಸ್ರಿ, ನಡುವ ಒಂದಿನ ಬಿಡ್ರಿ. ಮೈ ಬಾತು ಉಚ್ಚಿ ಕರ್ರಗಾದ್ರ ಎಣ್ಣಿ ತಿಕ್ಕಿಕೋತ ಕುಂದರಬ್ಯಾಡ್ರಿ, ಲಗೂನ ದವಾಖಾನಿಗೆ ಒಯ್ರಿ. ಬಡಕ ಹುಡುಗನ್ನ ಕಂಡು ನಗಬ್ಯಾಡ್ರಿ. ಯಾರರ ಪಂದ್ಯ ಕಟ್ಟಿ ಎಣಿಸಾಕ ಕುಂತಿದ್ರ, ನಡುವ ಹೋಗಿ ಸಾಕು ಅನ್ರಿ.

ಅವತ್ತು ಕಟ್ಟಿ ಮ್ಯಾಲೆ ಅದನ್ನ ಅನ್ನಬೇಕಾದಾಂವ ನಾನು. ಎಂಟನೂರರ ತನಕ ಎಣಿಸಿದ್ನಿ, ಅದೊಂದು ಮಾತು ಅನ್ನಲಿಲ್ಲ.